ಗಿರಾಕಿ ಎಬ್ಬಿಸುವ ಆಲ್ಬಮ್

ಹೋಟೆಲಿನಲ್ಲಿ ಗಿರಾಕಿಯನ್ನು ಕೂರಿಸುವುದು ಯಾರಿಗಾದರೂ ಬರುತ್ತದೆ. ಎಬ್ಬಿಸುವುದೇ ವಿದ್ಯೆ! ಆ ವಿದ್ಯೆಯಲ್ಲಿ ಚರ್ಚ್‌ಗೇಟಿನಿಂದ ವಿರಾರಿನವರೆಗೆ ನನ್ನನ್ನು ಮೀರಿಸುವವರಿಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದವನು ನಾನು. ಗ್ರಾಂಟ್ ರೋಡ್ ಸ್ಟೇಷನ್ ಪಕ್ಕದ ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವ ಮ್ಯಾನೇಜರ್, ಹೆಸರು ಸದಾನಂದ. ತಿಂದು ಮುಗಿಸಿದವನ ಮುಂದೆ ಬಿಲ್ಲು ಇಡಿಸುವುದು, ಅವನ ಮೊಣಕೈ ತಾಗುವವರೆಗೆ ಟೇಬಲ್ ಒರೆಸಿಸುವುದು, ಅದಕ್ಕೂ ಜಗ್ಗದಿದ್ದರೆ ತಲೆ ಮೇಲಿನ ಫ್ಯಾನ್ ಆರಿಸುವುದು, ಹೀಗೆ ಸಕಲ ಅಸ್ತ್ರಗಳೂ ನನ್ನ ಬತ್ತಳಿಕೆಯಲ್ಲಿದ್ದವು.

ಆದರೆ ಈಚೆಗೆ ಲ್ಯಾಪ್‌ಟಾಪ್ ಎಂಬ ಗುರಾಣಿ ಹಿಡಿದ ಹೊಸ ಜಾತಿಯ ಗಿರಾಕಿಗಳು ಬರತೊಡಗಿದರು. ಒಂದು ಫಿಲ್ಟರ್ ಕಾಫಿ ತರಿಸಿಕೊಂಡರೆ ಆ ಟೇಬಲ್ ಅವರ ಪಿತ್ರಾರ್ಜಿತ ಆಸ್ತಿ. ಬಿಲ್ಲು ಇಟ್ಟರೆ ಅದರ ಮೇಲೇ ಕಪ್ಪು ಇಡುತ್ತಾರೆ. ಟೇಬಲ್ ಒರೆಸಲು ಹೋದರೆ ಲ್ಯಾಪ್‌ಟಾಪ್ ಎತ್ತಿ, "ಥ್ಯಾಂಕ್ಯೂ ಅಂಕಲ್" ಎಂದು ಮತ್ತೆ ಅಲ್ಲೇ ಇಡುತ್ತಾರೆ. ಫ್ಯಾನ್ ಆರಿಸಿದರೆ ಬ್ಯಾಗಿನಿಂದ ಅಂಗೈಯಗಲದ ತಮ್ಮದೇ ಫ್ಯಾನ್ ತೆಗೆಯುತ್ತಾರೆ.

ಅಂಧೇರಿಯಲ್ಲಿರುವ ನಮ್ಮ ಧಣಿ ಅನಿಲಕುಮಾರರಿಂದ ಫೋನು ಬಂತು. ರಶ್ ಟೈಮಿನಲ್ಲಿ ಟೇಬಲ್ ಖಾಲಿಯಾಗದಿದ್ದರೆ ನನ್ನನ್ನು ಜೋಗೇಶ್ವರಿಯ ಒಂದು ಕಾರ್ಖಾನೆಯ ಕ್ಯಾಂಟೀನಿಗೆ ಹಾಕುತ್ತಾರಂತೆ. ಅಲ್ಲಿ ಸೈರನ್ ಆದ ಕೂಡಲೇ ಎಲ್ಲರೂ ತಾವಾಗಿಯೇ ಎದ್ದು ಹೋಗುತ್ತಾರೆ, ನಿನಗೂ ಸುಲಭ ಎಂದರು. ಪಟ್ಟದ ರಾಜನಿಗೆ ವನವಾಸ!

ನನಗಿಂತ ಹೆಚ್ಚು ಬೆಚ್ಚಿಬಿದ್ದವಳು ಹೆಂಡತಿ ಶೀಲಾವತಿ. ನಮ್ಮ ಮನೆ ಇರುವುದೂ ಜೋಗೇಶ್ವರಿಯಲ್ಲೇ, ಆ ಕ್ಯಾಂಟೀನಿನಿಂದ ಕೂಗಿದರೆ ಕೇಳುವಷ್ಟು ಹತ್ತಿರ.

"ಹಾಗಾದರೆ ಮಧ್ಯಾಹ್ನ ಊಟಕ್ಕೂ ಮನೆಗೇ ಬರ್ತೀರಾ?" ಎಂದು ಕೇಳಿದಳು.

ಬರಬಹುದು ಎಂದೆ. ಅವಳು ಎದ್ದು ಹೋಗಿ, ನನ್ನ ಗಲ್ಲಾ ಗಟ್ಟಿಯಾಗಿರಲಿ ಎಂದು ದೇವರಿಗೆ ದೀಪ ಹಚ್ಚಿದಳು.

ಇಂಥ ಸಂಕಟದಲ್ಲಿ ನನಗೆ ದಾರಿ ತೋರಿಸಿದ್ದು ನಮ್ಮ ಮಗಳು ಯಕ್ಷಿತಾಳ ಹೊಸ ಹುಚ್ಚು. 'ಟೇಢಾ ಪಂಖಾ', ಅಂದರೆ ಸೊಟ್ಟ ಫ್ಯಾನು, ಎಂಬುದು ಒಂದು ಬ್ಯಾಂಡಿನ ಹೆಸರು. ಅವರ ಆಲ್ಬಮ್ಮಿನ ಹೆಸರು 'ಫ್ರಿಜ್ ಮೇ ಚಪ್ಪಲ್'. ಫ್ರಿಜ್ಜಿನಲ್ಲಿ ಚಪ್ಪಲಿ ಯಾಕೆ ಎಂದು ಕೇಳಿದರೆ, ಅದೇ ತೋ ಪಾಯಿಂಟ್ ಪಪ್ಪಾ ಎನ್ನುತ್ತಾಳೆ. ಒಂದು ಹಾಡಿನಲ್ಲಿ ಒಬ್ಬ ಲಿಫ್ಟಿಗೆ ಕಾಯುತ್ತಾನೆ, ಹಾಡು ಮುಗಿದರೂ ಲಿಫ್ಟು ಬರುವುದಿಲ್ಲ. ಇನ್ನೊಂದರಲ್ಲಿ ಹಿಮ್ಮೇಳಕ್ಕೆ ಕುಕ್ಕರಿನ ಸೀಟಿ. ಮೂರನೆಯದು ಒಬ್ಬ ಹುಡುಗ ಗೋಡೆಯ ಹಲ್ಲಿಯ ಹತ್ತಿರ ತನ್ನ ಬಾಸಿನ ಮೇಲೆ ಹೇಳುವ ಚಾಡಿ. ಇದಕ್ಕೆಲ್ಲ ಗಿಟಾರು, ಡ್ರಮ್ಮು!

"ಪಪ್ಪಾ, ಇದು ಆಲ್ಟರ್ನೇಟಿವ್ ರಾಕ್. ಪೂರಾ ಆಲ್ಬಮ್ ಒಮ್ಮೆ ಕೇಳಿ ನಾ, ಮತ್ತೆ ಬೈಯಿರಿ," ಎಂದಳು ಯಕ್ಷಿತಾ.

ಅಂದು ನನ್ನ ವಾರದ ರಜೆ. ಮೊದಲನೇ ಹಾಡಿಗೆ ಬಾತ್‌ರೂಮ್ ಸೇರಿದೆ, ಎರಡನೆಯದಕ್ಕೆ ಬಿಲ್ಡಿಂಗಿನ ಮೆಟ್ಟಿಲಿಳಿದೆ. ಹಲ್ಲಿಯ ದನಿ ಕಿಟಕಿಯಿಂದ ಬೆನ್ನಟ್ಟಿದಾಗ ಸ್ಟೇಷನ್ನಿಗೇ ಓಡಿದೆ. ಎಲ್ಲಿಗೂ ಹೋಗುವುದಿಲ್ಲದೆ ಪ್ಲ್ಯಾಟ್‌ಫಾರ್ಮಿನಲ್ಲಿ ನಿಂತಿದ್ದಾಗ ನನಗೆ ಜ್ಞಾನೋದಯವಾಯಿತು. ಮನೆಯ ಯಜಮಾನನನ್ನೇ ಮನೆಯಿಂದ ಎಬ್ಬಿಸಿದ ಸಂಗೀತ, ಒಂದು ಕಾಫಿಯ ಗಿರಾಕಿಯನ್ನು ಬಿಟ್ಟೀತೇ?

ಆಲ್ಬಮ್ಮನ್ನು ನನ್ನ ಮೊಬೈಲಿಗೆ ಹಾಕಿಕೊಡು ಎಂದಾಗ ಯಕ್ಷಿತಾ ಸಂತೋಷದಿಂದ ನನ್ನ ಕುತ್ತಿಗೆಗೇ ಬಿದ್ದಳು. ಮನಸ್ಸಿಗೆ ಸ್ವಲ್ಪ ಚುಚ್ಚಿತು. ಆದರೆ ಯುದ್ಧಕಾಲದಲ್ಲಿ ಅದನ್ನೆಲ್ಲ ನೋಡಲಾಗುತ್ತದೆಯೇ?

ಮರುದಿನ ರಶ್ ಟೈಮಿಗೆ ಸರಿಯಾಗಿ ಭಕ್ತಿಗೀತೆ ನಿಲ್ಲಿಸಿ ಹೋಟೆಲಿನ ಸ್ಪೀಕರಿನಲ್ಲಿ ಚಪ್ಪಲಿ ಬಿಟ್ಟೆ. ಮೂಲೆಯ ಲ್ಯಾಪ್‌ಟಾಪ್ ಹುಡುಗ ತಲೆ ಎತ್ತಿದ. ಕಿವಿಯಲ್ಲಿ ಸಿಕ್ಕಿಸಿಕೊಂಡದ್ದನ್ನು ತೆಗೆದ. ಲ್ಯಾಪ್‌ಟಾಪ್ ಮುಚ್ಚಿದ. ಎದ್ದ ಎಂದುಕೊಂಡು ನಾನು ಮೀಸೆ ತಿರುವುವಷ್ಟರಲ್ಲಿ ಅವನು ಕುರ್ಚಿಗೆ ಒರಗಿ ಇನ್ನೊಂದು ಕಾಫಿ ಹೇಳಿದ! ಪಕ್ಕದ ಟೇಬಲಿನ ಹುಡುಗಿ ಕಣ್ಣರಳಿಸಿ, "ಅಂಕಲ್, ಟೇಢಾ ಪಂಖಾ? ಆಪ್ ಭೀ?" ಎಂದು, ನಾನೂ ಆ ಬ್ಯಾಂಡಿನ ಅಭಿಮಾನಿ ಎಂಬಂತೆ ಕೇಳಿದಳು.

ಆಕೆ ನಮ್ಮ ಹೋಟೆಲಿನ ವಿಡಿಯೋ ತೆಗೆದು ಎಲ್ಲೆಲ್ಲಿಗೆ ಕಳಿಸಿದಳೋ, ಆ ವಾರವಿಡೀ ಜನವೋ ಜನ. ನೇರಳೆ ಕೂದಲಿನವರು, ಹರಿದ ಪ್ಯಾಂಟಿನವರು, ಬಾಂದ್ರಾದಿಂದ, ಅಂಧೇರಿಯಿಂದ ಲೋಕಲ್ ಹಿಡಿದು ಬಂದವರು. ಅವರನ್ನು ಬಿಡಿ. ಇಡ್ಲಿ ತಿಂದು ಬಾಯಿ ಒರೆಸಿಕೊಂಡು ಹೊರಟುಬಿಡುತ್ತಿದ್ದ ಪಕ್ಕದ ಲಾಡ್ಜಿನ ಮುದುಕರೂ ಕುಕ್ಕರಿನ ಹಾಡು ಇನ್ನೊಮ್ಮೆ ಹಾಕಿ ಎನ್ನತೊಡಗಿದರು. ನನಗೆ ದಿಕ್ಕೇ ತೋಚಲಿಲ್ಲ.

ನಿಲ್ಲಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಔಷಧ ಒಂದೇ ಸಲಕ್ಕೆ ಹಿಡಿಯುತ್ತದೆಯೇ? ಡೋಸ್ ಸಾಲದು ಎಂದು ತೀರ್ಮಾನಿಸಿ ದನಿ ಏರಿಸಿದೆ. ಜೊತೆಗೆ ಶತ್ರುವಿನ ಬಲಾಬಲವನ್ನೂ ತಿಳಿಯಬೇಕಲ್ಲ, ಅದಕ್ಕೆ ಗಲ್ಲಾದಲ್ಲಿ ಕೂತು ಹಾಡುಗಳನ್ನು ಗಮನವಿಟ್ಟು ಅಧ್ಯಯನ ಮಾಡತೊಡಗಿದೆ. ಹಲ್ಲಿಯ ಹಾಡಿನಲ್ಲಿ ಒಂದು ಕಡೆ ಡ್ರಮ್ಮು ತಟ್ಟನೆ ನಿಲ್ಲುತ್ತದೆ. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆ ಖಾಲಿ ಜಾಗದಲ್ಲಿ ಏನಾದರೂ ಬೀಳಲಿ ಎಂದು ಜೀವ ಒದ್ದಾಡುತ್ತದೆ. ಬಾಸಿನ ಬಗ್ಗೆ ಆ ಹುಡುಗ ಹಲ್ಲಿಗೆ ಹೇಳುವುದರಲ್ಲೂ ಸುಳ್ಳೇನಿಲ್ಲ ಅನಿಸಿತು. ಬರೀ ಅಧ್ಯಯನ, ಬೇರೇನಿಲ್ಲ.

ಇದರ ನಡುವೆ ಇನ್ನೊಂದು ತಲೆನೋವು. ನಮ್ಮ ಗಲ್ಲಾದ ಮೇಲೆ ವೇಟರುಗಳನ್ನು ಕರೆಯಲು ಒಂದು ಹಿತ್ತಾಳೆಯ ಗಂಟೆ ಉಂಟು. ಹೋಟೆಲಿನಲ್ಲೇ ಹಳಬನಾದ ವೇಟರ್ ಅಂಗಾರ, ಕೈಯಲ್ಲಿ ದೋಸೆಯ ಪ್ಲೇಟು ಹಿಡಿದುಕೊಂಡೇ ಆಗಾಗ ಗಲ್ಲಾಕ್ಕೆ ಓಡಿ ಬರತೊಡಗಿದ. ಅವನ ಹಿಂದೆ ಉಳಿದ ವೇಟರುಗಳೂ.

"ಸದಾನಂದಣ್ಣ, ಗಂಟೆ ಹೊಡೆದಿರಲ್ಲ, ಎಂತ ಬೇಕಿತ್ತು?"

ನಾನು ಗಂಟೆ ಮುಟ್ಟಿಯೇ ಇಲ್ಲ, ವಯಸ್ಸಾಯಿತು ನಿನಗೆ, ಕಿವಿ ತೋರಿಸಿಕೋ ಎಂದೆ. ಅವನು ನನ್ನನ್ನು ಒಂದು ಥರಾ ನೋಡಿ, ತಣ್ಣಗಾದ ದೋಸೆ ಹೊತ್ತು ಹೋದ.

ಕೊನೆಗೆ ಧಣಿಯೇ ಬಂದರು. ಬಾಗಿಲಲ್ಲಿ ಕಾಯುವವರನ್ನು ಸರಿಸಿಕೊಂಡು ಒಳಗೆ ಬರುವುದೇ ಅವರಿಗೆ ಸಾಹಸವಾಯಿತು. ನಾನು ವಾದ ಸಿದ್ಧ ಮಾಡಿಟ್ಟುಕೊಂಡಿದ್ದೆ. ತಪ್ಪು ನನ್ನದಲ್ಲ ಧಣಿ, ಈಗಿನ ಮಕ್ಕಳು ಇಂಥ ಹಾಡು ಕೇಳಿದರೂ ಏಳುವುದಿಲ್ಲವಲ್ಲ, ಎಂಥ ಗಟ್ಟಿ ಪಿಂಡಗಳು ನೋಡಿ ಎಂದೆ. ಧಣಿ ಮೊಬೈಲ್ ತೆಗೆದು ನನ್ನ ಮುಂದೆ ಹಿಡಿದರು. ಗಲ್ಲಾದ ಮೇಲಿನ ಕ್ಯಾಮೆರಾ ತೆಗೆದ ಚಿತ್ರವನ್ನು ಅವರು ಅಂಧೇರಿಯಲ್ಲಿ ಕೂತೇ ನೋಡುತ್ತಾರೆ.

ನೋಡುತ್ತೇನೆ, ಗಿರಾಕಿಗಳು ಕೂತಿಲ್ಲ! ತಿಂದು ಮುಗಿಸಿ, ಬಿಲ್ಲೂ ದುಡ್ಡೂ ಹಿಡಿದುಕೊಂಡು ಗಲ್ಲಾದ ಮುಂದೆ ಅಡುಗೆಮನೆ ಬಾಗಿಲವರೆಗೂ ಕ್ಯೂ ನಿಂತಿದ್ದಾರೆ. ಗಲ್ಲಾದಲ್ಲಿ ಒಬ್ಬ ಮನುಷ್ಯ ಕಣ್ಣು ಮುಚ್ಚಿ, ಬಾಯಿ ಅರ್ಧ ತೆರೆದು, ದೇವರು ಬಂದವನ ಹಾಗೆ ತಲೆ ಆಡಿಸುತ್ತಿದ್ದಾನೆ. ಬೆರಳುಗಳು ಗಲ್ಲಾಪೆಟ್ಟಿಗೆಯ ಮೇಲೆ ತಾಳ ಕುಟ್ಟುತ್ತಿವೆ. ಒಮ್ಮೆಲೇ ಎಲ್ಲ ನಿಲ್ಲುತ್ತದೆ. ಕೈ ಮೇಲೇಳುತ್ತದೆ. ಒಂದು ಉಸಿರು. ಆಮೇಲೆ ಗಂಟೆಯ ಮೇಲೆ ಟಣ್! ನಾಲ್ಕೂ ದಿಕ್ಕಿನಿಂದ ವೇಟರುಗಳು ಓಡಿ ಬರುತ್ತಾರೆ. ನಿಂತು ನಿಂತು ಸೋತ ಗಿರಾಕಿಗಳು ವಾಪಸ್ಸು ಹೋಗಿ ಟೇಬಲಿನಲ್ಲಿ ಕೂತು ಇನ್ನೊಂದು ಕಾಫಿ ಹೇಳುತ್ತಾರೆ.

ಯಾರಪ್ಪಾ ಈ ಅಧ್ವಾನ ಎಂದು ಬಾಯಿಗೇ ಬಂದಿತ್ತು. ಅಷ್ಟರಲ್ಲಿ ಅವನ ಶರ್ಟಿನ ಮೇಲೆ ಕಣ್ಣು ಬಿತ್ತು. ಅದೇ ಶರ್ಟು ನನ್ನ ಮೈಮೇಲಿತ್ತು.

"ಗಿರಾಕಿಗಳೆಲ್ಲ ಎದ್ದಿದ್ದಾರೆ ಸದಾನಂದ," ಎಂದರು ಧಣಿ. "ಏಳದವನು ನೀನೊಬ್ಬನೇ."

ತೀರ್ಪು ಅಲ್ಲೇ ಆಯಿತು. ಹಾಡಿನಿಂದ ವ್ಯಾಪಾರ ಚೆನ್ನಾಗಿದೆ, ಆದ್ದರಿಂದ ಹಾಡು ಗ್ರಾಂಟ್ ರೋಡಿನಲ್ಲೇ ಇರಲಿ. ಸದಾನಂದ ನಾಳೆಯಿಂದ ಜೋಗೇಶ್ವರಿಗೆ ಹೋಗಲಿ. ಗಲ್ಲಾದಲ್ಲಿ ಅಂಗಾರ ಕೂರಲಿ. ಅಂಗಾರ ಒದ್ದೆ ಬಟ್ಟೆ ತಂದು, ನನ್ನ ಮೊಣಕೈ ತಾಗುವವರೆಗೆ ಗಲ್ಲಾ ಒರೆಸಿದ.

ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದರೆ ಸುದ್ದಿ ನನಗಿಂತ ಮೊದಲೇ ಬಂದಿತ್ತು. ಕ್ಯೂನಲ್ಲಿ ನಿಂತಿದ್ದ ಯಾರೋ ಪುಣ್ಯಾತ್ಮರು ನನ್ನ ವಿಡಿಯೋ ತೆಗೆದು ಹರಡಿದ್ದರು. ಯಕ್ಷಿತಾ ಹೆಮ್ಮೆಯಿಂದ ಅದನ್ನು ತಾಯಿಯ ಮುಂದೆ ಹಿಡಿದು ಕೂತಿದ್ದಳು. ಇನ್ನು ಮಧ್ಯಾಹ್ನದ ಊಟದ ಮಾತು ಬರುತ್ತದೆ ಎಂದು ನಾನು ಬಾಗಿಲಲ್ಲೇ ನಿಂತೆ. ಶೀಲಾವತಿ ಊಟದ ಸುದ್ದಿಯನ್ನೇ ಎತ್ತಲಿಲ್ಲ. ವಿಡಿಯೋವನ್ನು ಇನ್ನೊಮ್ಮೆ ಹಾಕಿಸಿ ಕೊನೆಯವರೆಗೆ ನೋಡಿ, ನನ್ನ ಕಡೆ ತಿರುಗಿದಳು.

"ಮದುವೆಯಾದಂದಿನಿಂದ ನಾನೂ ಮಾತಾಡ್ತಾ ಇದ್ದೇನೆ," ಎಂದಳು. "ಒಂದು ದಿನವಾದರೂ ನನ್ನ ಮಾತಿಗೆ ಹೀಗೆ ತಲೆ ಆಡಿಸಿದ್ದುಂಟಾ ನೀವು?"

ನಾನು ಗಡಬಡಿಸಿ ತಲೆ ಆಡಿಸಿದೆ.

"ಬಿಡಿ," ಎಂದಳು ಶೀಲಾವತಿ, "ತಾಳ ತಪ್ಪಿತು."