ಒರಗು ಹಬ್ಬದ ರಜೆ

ತಪ್ಪೆಲ್ಲ ಆ ಖಾಲಿ ಜಾಗದ್ದು. ಪಟ್ಟಣಕ್ಕೆ ನೀರು ಬಿಡುವ ಪಂಪ್‌ಹೌಸಿನಲ್ಲಿ ವರ್ಷಕ್ಕೊಮ್ಮೆ ಒಂದು ಹಾಳೆ ಕೈಯಿಂದ ಕೈಗೆ ಸುತ್ತುತ್ತದೆ. ಅದರಲ್ಲಿ ಪ್ರತಿಯೊಬ್ಬ ನೌಕರನ ಮುಂದೆ ‘ನಿಮ್ಮ ಕಡೆಯ ಹಬ್ಬ’ ಎಂದೊಂದು ಕಾಲಮ್ಮು. ಅಲ್ಲಿ ಹಬ್ಬ ಬರೆದವರಿಗೆ ಆ ದಿನ ರಜೆ. ಹನ್ನೊಂದು ವರ್ಷ ಅದನ್ನು ಖಾಲಿ ಬಿಟ್ಟಿದ್ದ ಪಂಪ್ ಆಪರೇಟರು ಈ ಸಲ ಏನು ತೋಚಿತೋ, ಕ್ಯಾಲೆಂಡರಿನಲ್ಲಿ ಯಾರ ಹಬ್ಬವೂ ಇಲ್ಲದ ಒಂದು ಗುರುವಾರ ನೋಡಿ, ಎರಡು ಪದ ಬರೆದುಬಿಟ್ಟ. ಒರಗು ಹಬ್ಬ.

ಪಂಪಿನಣ್ಣ ಎಂದೇ ಎಲ್ಲರೂ ಕರೆಯುವ ಈ ಆಸಾಮಿಗೆ ತನ್ನದೆಂಬ ಊರಿರಲಿಲ್ಲ. ಅವನಪ್ಪ ಸೇತುವೆ ಕಟ್ಟುವ ಗುಂಪಿನಲ್ಲಿದ್ದವನು. ಒಂದು ನದಿ ಮುಗಿದರೆ ಇನ್ನೊಂದು ನದಿ. ಇವನು ಹುಟ್ಟಿದ್ದು ಅರ್ಧ ಕಟ್ಟಿದ ಸೇತುವೆಯ ಕೆಳಗಿನ ಡೇರೆಯಲ್ಲಿ. ಆ ದಡದವರು ಒಂದು ಭಾಷೆ, ಈ ದಡದವರು ಒಂದು ಭಾಷೆ. “ನಾವು ಯಾವ ಕಡೆಯೋರಪ್ಪ?” ಎಂದು ಕೇಳಿದರೆ ಅಪ್ಪ, “ಕೆಲಸ ಇರೋ ಕಡೆಯೋರು” ಎಂದು ಹೇಳಿ ಮಗ್ಗುಲು ಬದಲಿಸುತ್ತಿದ್ದ.

ಉಳಿದವರಿಗೆ ಹಬ್ಬಕ್ಕೇನು ಬರ. ದೇಶ ದೊಡ್ಡದು, ಒಂದು ಕಡೆ ಕೊಯ್ಲು ಮುಗಿಯುವಾಗ ಇನ್ನೊಂದು ಕಡೆ ಮೊಳಕೆ ಏಳುತ್ತಿರುತ್ತದೆ. ಎಲೆಕ್ಟ್ರಿಷಿಯನ್ ಬೆಟ್ಟದ ಕಡೆಯವನು, ಮೊದಲ ತೆನೆ ಬಂದ ದಿನ ಅವನಿಗೆ ಹಬ್ಬ. ಫಿಟ್ಟರ್ ಸಮುದ್ರದ ಕಡೆಯವನು, ದೋಣಿ ಮತ್ತೆ ನೀರಿಗಿಳಿಯುವ ದಿನ ಅವನ ಮಂದಿಗೆಲ್ಲ ಪ್ರಾರ್ಥನೆ. ನೀರು ಪರೀಕ್ಷೆ ಮಾಡುವ ಲ್ಯಾಬಿನಕ್ಕ ಬಯಲಿನವರು, ಅವರದು ಕಣ ಗುಡಿಸುವ ಹಬ್ಬ, ಅದೂ ಮೂರು ದಿನ. ಇಂಜಿನಿಯರ್ ಸಾಹೇಬರದು ಉಪವಾಸದಲ್ಲಿ ಶುರುವಾಗಿ ಊಟದಲ್ಲಿ ಮುಗಿಯುವ ಹಬ್ಬ. ಯಾರ ಹಬ್ಬವಾದರೂ ಊರಿಗೆ ನೀರು ಬೇಕು. ಆಗೆಲ್ಲ ಒಂದೇ ಮಾತು. “ಪಂಪಿನಣ್ಣ, ನಿಂಗೆ ಹೆಂಗೂ ಹಬ್ಬ ಇಲ್ವಲ್ಲ, ಒಸಿ ನೋಡ್ಕೊ.”

ಅವನು ನೋಡಿಕೊಳ್ಳುತ್ತಿದ್ದ. ಮೋಟಾರಿನ ಗುಂಯ್ ಎನ್ನುವ ಸದ್ದಿನಲ್ಲಿ ಹಸಿರು ದೀಪವನ್ನೇ ನೋಡುತ್ತ ಕೂತರೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಮುಚ್ಚಿದ ತಕ್ಷಣ ಒಂದು ಹೊಲ. ಯಾರದೋ ಗೊತ್ತಿಲ್ಲ, ಎದೆಮಟ್ಟ ಬೆಳೆದು ಹಣ್ಣಾದ ಪೈರು, ಅದರ ಮೇಲೆ ಗಾಳಿ ನಿಧಾನವಾಗಿ ನಡೆದುಹೋಗುತ್ತದೆ. ಆಚೆ ಬದುವಿನಲ್ಲಿ ಯಾರೋ ನಿಂತು ಇವನನ್ನೇ ಹೆಸರು ಹಿಡಿದು ಕರೆಯುತ್ತಾರೆ, ಮನೆಯವರು ಊಟಕ್ಕೆ ಕರೆದ ಹಾಗೆ. ಇವನು ತೆನೆ ಸರಿಸುತ್ತ ಹೋಗುತ್ತಾನೆ. ಇನ್ನು ಹತ್ತು ಹೆಜ್ಜೆ, ಮುಖ ಕಾಣಬೇಕು, ಅಷ್ಟರಲ್ಲಿ ಟ್ಯಾಂಕಿನ ಗಂಟೆಯೋ ಫೋನೋ ಹೊಡೆದುಕೊಂಡು ಎಲ್ಲವೂ ಮಾಯ. ಹನ್ನೊಂದು ವರ್ಷದಿಂದ ಅವನು ಆ ಹತ್ತು ಹೆಜ್ಜೆ ನಡೆದಿಲ್ಲ. ಯಾರೂ ಎಬ್ಬಿಸದ ಒಂದು ಹಗಲು ಸಿಕ್ಕರೆ ಆ ಮುಖ ನೋಡಬಹುದೆಂಬ ಆಸೆಯೇ ಅವನ ಕೈಯಲ್ಲಿ ಆ ಎರಡು ಪದ ಬರೆಸಿದ್ದು.

ಬರೆದ ದಿನವೇ ಲ್ಯಾಬಿನಕ್ಕ ಹಾಳೆ ಹಿಡಿದು ಬಂದಿದ್ದರು. “ಏನಪ್ಪ ಇದು ಒರಗು ಹಬ್ಬ? ಏನ್ಮಾಡ್ತಾರೆ ಅದರಲ್ಲಿ?”

ಪಂಪಿನಣ್ಣ ಗಂಟಲು ಸರಿಮಾಡಿಕೊಂಡ. “ಕೊಯ್ಲು ಮುಗಿದ್ಮೇಲೆ ನೆಲ ಒರಗ್ತದಲ್ಲ ಅಕ್ಕ, ಅದೊಂದೇ ಒರಗಿದ್ರೆ ಅದಕ್ಕೆ ಬೇಜಾರಾಗ್ತದೆ. ಅದಕ್ಕೆ ಜನಾನೂ ಜೊತೆಗೆ ಒರಗೋದು. ಬೆಳಿಗ್ಗೆಯಿಂದ ಸಂಜೆವರೆಗೆ. ಮಾತಾಡಂಗಿಲ್ಲ, ಒಬ್ಬರನ್ನೊಬ್ಬರು ಎಬ್ಬಿಸಂಗಿಲ್ಲ.”

ಅಕ್ಕನ ಕಣ್ಣಲ್ಲಿ ನೀರು ಬಂತು. “ಇಷ್ಟು ಚೆಂದದ ಹಬ್ಬ ಇಟ್ಕೊಂಡು ಇಷ್ಟು ವರ್ಷ ಬಾಯಿ ಬಿಡ್ಲಿಲ್ಲವಲ್ಲೋ ನೀನು.”

ಸುಳ್ಳು ಇಷ್ಟು ಸಲೀಸಾಗಿ ನಡೆದುಹೋದ ಖುಷಿಯಲ್ಲಿ ಪಂಪಿನಣ್ಣ ಒಂದು ಸಂಗತಿ ಮರೆತ. ಯಾರ ಹಬ್ಬವಿದ್ದರೂ ಆ ದಿನ ಉಳಿದವರು ಅವರ ಮನೆಗೆ ಹೋಗಿ ಅವರ ಹಾಗೆಯೇ ಹಬ್ಬ ಮಾಡಿ ಬರುವುದು ಪಂಪ್‌ಹೌಸಿನ ಪದ್ಧತಿ. ಎಲ್ಲ ಹಬ್ಬಕ್ಕೂ ಡ್ಯೂಟಿಯಲ್ಲೇ ಇರುತ್ತಿದ್ದ ಇವನು ಯಾರ ಮನೆಗೂ ಹೋದವನಲ್ಲ, ನೆನಪಾಗುವುದಾದರೂ ಹೇಗೆ.

ಆ ಗುರುವಾರ ಬಂತು. ಪಂಪಿನಣ್ಣ ಬೆಳಿಗ್ಗೆ ಏಳಕ್ಕೇ ಸ್ನಾನ ಮಾಡಿ, ಕಿಟಕಿಗೆ ಹಳೆಯ ನೀಲಿ ಸೀರೆ ಇಳಿಬಿಟ್ಟು, ನಡುಮನೆಯಲ್ಲಿ ಹಾಸಿಗೆ ಬಿಚ್ಚಿದ. ಬಿಸಿಲು ಸೀರೆಯೊಳಗಿಂದ ಸೋಸಿ ಬಂದು ಇಡೀ ಕೋಣೆ ಕೆರೆಯ ತಳದ ಹಾಗೆ ನೀಲಿಯಾಯಿತು.

“ರೀ, ನಿಜವಾಗ್ಲೂ ಇಂಥ ಹಬ್ಬ ಇದೆಯಾ?” ಎಂದು ಹೆಂಡತಿ ಕೇಳಿದಳು.

“ಇವತ್ತೊಂದಿನ ಇದೆ ಅನ್ಕೊ.”

“ಹಬ್ಬ ಅಂದ್ಮೇಲೆ ಮನೆಯೋರಿಗೆಲ್ಲ ಹಬ್ಬ. ನಾನೂ ಒಲೆ ಹಚ್ಚಲ್ಲ.” ಅವಳು ಅವನ ದಿಂಬೆಳೆದುಕೊಂಡು ಗೋಡೆ ಕಡೆ ತಿರುಗಿ ಮಲಗಿದಳು. ಮದುವೆಯಾದಾಗಿನಿಂದ ಅವಳು ಹಗಲು ಮಲಗಿದ್ದನ್ನು ಪಂಪಿನಣ್ಣ ನೋಡಿರಲಿಲ್ಲ. ದಿಂಬು ವಾಪಸ್ ಕೇಳಲು ಮನಸ್ಸಾಗದೆ ಟವಲು ಸುತ್ತಿ ತಲೆಗಿಟ್ಟುಕೊಂಡ. ಕಣ್ಣು ಮುಚ್ಚಿದ. ಹೊಲ ಬಂತು.

ಅದರ ಹಿಂದೆಯೇ ಯಾರೋ ಬಾಗಿಲು ಬಡಿದರು. ಲ್ಯಾಬಿನಕ್ಕ ಮಡಿಸಿದ ಚಾಪೆ, ಕಂಕುಳಲ್ಲಿ ದಿಂಬು ಹಿಡಿದು ನಿಂತಿದ್ದರು. “ನಾನು ಬೆಳಿಗ್ಗೆ ಪರೀಕ್ಷೆ ಮುಗಿಸಿ ಬಂದೆ. ಎಲ್ಲಿ ಒರಗ್ಲಿ?” ಎಂದು ಪಿಸುಗುಟ್ಟಿದರು. ಮಾತಾಡುವ ಹಾಗಿಲ್ಲವಲ್ಲ. ಉತ್ತರಕ್ಕೂ ಕಾಯದೆ ಹೆಂಡತಿಯ ಪಕ್ಕ ಚಾಪೆ ಹಾಸಿಕೊಂಡರು.

ಅಕ್ಕನನ್ನು ಕಂಡ ಎದುರುಮನೆಯ ಮೇಷ್ಟರು ಸುಮ್ಮನಿರುತ್ತಾರೆಯೇ. ನಿವೃತ್ತರಾಗಿ ಆರು ವರ್ಷವಾದರೂ ಜಗತ್ತಿಗೆ ಪಾಠ ಹೇಳುವುದನ್ನು ಅವರು ಬಿಟ್ಟಿರಲಿಲ್ಲ. ಏನು ವಿಶೇಷವೆಂದು ಕೇಳಿ ತಿಳಿದು, “ಒರಗು ಹಬ್ಬ ತಾನೆ, ಪುಸ್ತಕದಲ್ಲಿ ಓದಿದೀನಿ. ಬಹಳ ಹಳೇ ಹಬ್ಬ” ಎಂದರು.

ಪಂಪಿನಣ್ಣ ಮೇಷ್ಟರ ಮುಖವನ್ನೇ ನೋಡಿದ. “ಓದಿದೀರಾ?”

“ಓದದೆ ಏನು. ನೀನು ಮಾತ್ರ ಕ್ರಮ ತಪ್ಪಿಸ್ತಿದೀಯ. ಮನೆ ಯಜಮಾನ ಎಲ್ಲರಿಗಿಂತ ಕೊನೇಲಿ ಒರಗಬೇಕು. ಬಂದವರಿಗೆಲ್ಲ ಹೊದಿಸಿ, ಎಲ್ಲರಿಗೂ ನಿದ್ದೆ ಬಂತು ಅಂತ ಖಾತ್ರಿ ಮಾಡ್ಕೊಂಡು, ಆಮೇಲೆ.”

ಇಲ್ಲದ ಹಬ್ಬದ ಕ್ರಮವನ್ನು ಅಲ್ಲವೆನ್ನುವುದು ಹೇಗೆ? ಪಂಪಿನಣ್ಣ ಎದ್ದು ಅಕ್ಕನಿಗೆ ಹೊದಿಸಿದ. ಅಷ್ಟರಲ್ಲಿ ಅಲ್ಲೇ ಒರಗಿದ್ದ ಮೇಷ್ಟರಿಗೂ ಹೊದಿಸಿದ. ಅವರು ಕಾಲಿನ ಹತ್ತಿರ ಸರಿಯಾಗಿ ಮಡಿಸು ಎಂದು ಸನ್ನೆ ಮಾಡಿದರು.

ಒಂಬತ್ತಕ್ಕೆ ಎಲೆಕ್ಟ್ರಿಷಿಯನ್ ಬಂದ.

“ಪಂಪ್‌ಹೌಸಲ್ಲಿ ಯಾರಿದಾರೆ?” ಎಂದು ಪಂಪಿನಣ್ಣ ಅವನ ಕಿವಿಯಲ್ಲಿ ಕೇಳಿದ.

“ಫಿಟ್ಟರ್ ಇದಾನಲ್ಲ” ಎಂದು ಅವನು ಬಾಗಿಲ ಪಕ್ಕ ಉದ್ದಕ್ಕೆ ಬಿದ್ದುಕೊಂಡ.

ಅರ್ಧ ಗಂಟೆ ಬಿಟ್ಟು ಫಿಟ್ಟರ್ ಬಂದ. ಅವನು ಮಲಗಿದ ಎರಡೇ ನಿಮಿಷಕ್ಕೆ ಗೊರಕೆ ಶುರುವಾಯಿತು, ಸಮುದ್ರದ ಕಡೆಯವನದಲ್ಲವೇ, ಅದೂ ಅಲೆ ಅಲೆಯಾಗಿ ಬಂದು ಹೋಗುತ್ತಿತ್ತು. ಮಲಗುವ ಮುಂಚೆ ಅವನು ಹೇಳಿದ್ದು ಇಷ್ಟು. “ಸಾಹೇಬ್ರಿಗೆ ಹೇಳಿ ಬಂದಿದೀನಿ, ಅವ್ರು ನೋಡ್ಕೋತಾರೆ.”

ಹತ್ತಕ್ಕೆ ಸಾಹೇಬರೇ ಬಂದರು. ಊರಿನಲ್ಲಿ ಎಲ್ಲಿ ಪೈಪು ಒಡೆದರೂ ಮೊದಲು ಅವರ ನಿದ್ದೆ ಒಡೆಯುತ್ತಿತ್ತು. ಕಣ್ಣ ಕೆಳಗೆ ಕಪ್ಪು ಹತ್ತಿ ವರ್ಷಗಳೇ ಆಗಿದ್ದವು. ಅವರು ಶೂ ಬಿಚ್ಚುತ್ತಿದ್ದಂತೆ ಪಂಪಿನಣ್ಣ ಬಾಗಿಲಿಗೆ ಓಡಿ ಬಂದ.

“ಸಾರ್, ಪಂಪು?”

“ಎಲೆಕ್ಟ್ರಿಷಿಯನ್ ಇರ್ತಾನಲ್ಲಪ್ಪ” ಎನ್ನುತ್ತ ಸಾಹೇಬರು ಅದೇ ಎಲೆಕ್ಟ್ರಿಷಿಯನ್ನಿನ ಕಾಲು ದಾಟಿ ಒಳಗೆ ಹೋದರು. ಇನ್ನುಳಿದಿದ್ದ ಒಂದೇ ಜಾಗ ಪಂಪಿನಣ್ಣನ ಹಾಸಿಗೆ. ಅದರ ಮೇಲೆ ಕೂತರು, ವಾಲಿದರು, ಮಲಗಿಯೇಬಿಟ್ಟರು.

ಪಂಪಿನಣ್ಣ ಅವರ ಭುಜ ಮುಟ್ಟಿ, “ಸಾರ್, ಅಲ್ಲಿ ಯಾರೂ ಇಲ್ಲ” ಎಂದ. ಚಾದರದೊಳಗಿಂದ ಮೇಷ್ಟರ ಬೆರಳು ಮೇಲೆದ್ದಿತು. “ಎಬ್ಬಿಸಂಗಿಲ್ಲ.”

ಆ ನಿಯಮ ಮಾಡಿದವನು ಇವನೇ. ನೀಲಿ ಬೆಳಕಿನಲ್ಲಿ ಆರು ಜನ ಒಂದೇ ತಾಳಕ್ಕೆ ಉಸಿರಾಡುತ್ತ ಮಲಗಿದ್ದರು. ನೋಡಿದರೆ ಯಾರಿಗಾದರೂ ಮುದ್ದು ಬರುವಂಥ ನೋಟ. ಪಂಪಿನಣ್ಣನಿಗೆ ಮಾತ್ರ ಲೆಕ್ಕ ನೆನಪಾಯಿತು. ಆರಕ್ಕೆ ಮೋಟಾರು ಹಾಕಿದ್ದರೆ ಹತ್ತೂವರೆಗೆ ಟ್ಯಾಂಕು ಭರ್ತಿ. ಈಗ ಹತ್ತೂ ಇಪ್ಪತ್ತು. ಸಾಹೇಬರಿಗೆ ಹೊದಿಸಿ, ಚಪ್ಪಲಿ ಹಾಕಿಕೊಳ್ಳಲೂ ಮರೆತು ಓಡಿದ.

ಬೀದಿಯಲ್ಲಿ ದರ್ಜಿ ಹೊಲಿಗೆ ನಿಲ್ಲಿಸಿ, “ಏನ್ ಪಂಪಿನಣ್ಣ, ಇವತ್ತು ನಿಮ್ಮ ಹಬ್ಬ ಅಂತೆ. ಓಡೋ ಹಬ್ಬಾನಾ?” ಎಂದ. ಪಂಪಿನಣ್ಣ ಓಡುತ್ತಲೇ ಇದ್ದ.

ಪಂಪ್‌ಹೌಸು ಮುಟ್ಟುವ ಹೊತ್ತಿಗೆ ಟ್ಯಾಂಕು ತುಂಬಿ ಸುತ್ತಲಿಂದಲೂ ನೀರು ಇಳಿಯುತ್ತಿತ್ತು. ಬಿಸಿಲಿಗೆ ಅದು ಬಿಳಿ ಪರದೆಯ ಹಾಗೆ ಅಲುಗುತ್ತಿತ್ತು, ಕೆಳಗೆ ಕೊಡ ಹಿಡಿದ ಹೆಂಗಸರು, ಸೈಕಲ್ ತೊಳೆಯುವ ಗಂಡಸರು. ಒಬ್ಬಾಕೆಯಂತೂ ಇವನನ್ನು ನೋಡಿ, “ಅಣ್ಣ, ಹಬ್ಬದ ವಿಶೇಷ ಅಂತ ಬಿಟ್ರಾ? ಚೆನ್ನಾಗಿದೆ, ಇನ್ನೊಂಚೂರು ಬಿಡಿ” ಎಂದಳು. ಅವನು ಒಳಗೆ ನುಗ್ಗಿ ಕೆಂಪು ಗುಂಡಿ ಒತ್ತಿದ. ಮೋಟಾರು ನಿಟ್ಟುಸಿರು ಬಿಟ್ಟು ನಿಂತಿತು.

ಎಂದೂ ಇಲ್ಲದ ಮೌನ. ಪಂಪಿನಣ್ಣ ಕುರ್ಚಿಯಲ್ಲಿ ಕುಸಿದು ಕೂತ. ಸದ್ಯ, ಇಲ್ಲಾದರೂ ಯಾರೂ ಇಲ್ಲ, ಗೊರಕೆಯಿಲ್ಲ, ಮೇಷ್ಟರಿಲ್ಲ. ಒದ್ದೆ ಗಾಳಿ ಕಿಟಕಿಯಿಂದ ಬಂದು ಮುಖ ಸವರಿತು. ರೆಪ್ಪೆ ಮುಚ್ಚಿತು. ಹೊಲ ಬಂತು, ಬದುವಿನಿಂದ ಕರೆಯೂ ಬಂತು. ಒಂದು ಹೆಜ್ಜೆ, ಎರಡು, ಐದು, ಎಂಟು. ಬಿಳಿ ಬಟ್ಟೆಯ ಅಂಚು ಕಂಡಿತು.

ಫೋನು ಹೊಡೆದುಕೊಂಡಿತು. “ಎರಡನೇ ವಾರ್ಡಿಂದ ಮಾತಾಡ್ತಿರೋದು. ನೀರು ಯಾವಾಗ ಬಿಡ್ತೀರಿ?”

ಹೌದು, ವಾಲ್ವು ಯಾರು ತಿರುಗಿಸಬೇಕು? ಎರಡನೇ ವಾರ್ಡಿಗೆ ಹನ್ನೊಂದಕ್ಕೆ, ಮಾರುಕಟ್ಟೆಗೆ ಒಂದಕ್ಕೆ, ಮೇಲಿನ ಬೀದಿಗೆ ಮೂರಕ್ಕೆ. ಪಂಪಿನಣ್ಣ ಹಬ್ಬದ ದಿನ ಬರಿಗಾಲಲ್ಲಿ, ಹೊಟ್ಟೆ ಹಸಿದುಕೊಂಡು, ಒಬ್ಬನೇ ನಾಲ್ಕು ಜನರ ಡ್ಯೂಟಿ ಮಾಡಿದ. ಐದಕ್ಕೆ ಸಂಜೆ ಪಾಳಿಯವನು ಬಂದು, “ರಜೆಯಲ್ಲೂ ಕೆಲಸ ಬಿಡಲ್ವಲ್ಲ ನೀನು” ಎಂದು ಮೆಚ್ಚಿಕೊಂಡ. ಪಂಪಿನಣ್ಣನಿಗೆ ಅಳು ಬಂದಂತಾಯಿತು.

ಮನೆಗೆ ಬಂದರೆ ಎಲ್ಲರೂ ಎದ್ದು ಕೂತಿದ್ದರು. ಮುಖಗಳು ಈಗತಾನೆ ತೊಳೆದಿಟ್ಟ ತಟ್ಟೆಗಳಂತೆ ಹೊಳೆಯುತ್ತಿದ್ದವು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಲ್ಯಾಬಿನಕ್ಕನ ಕನಸಿನಲ್ಲಿ ತೀರಿಹೋದ ಅವರಮ್ಮ ಬಂದು ತಲೆ ಬಾಚಿದ್ದರಂತೆ. ಫಿಟ್ಟರ್ ಚಿಕ್ಕಂದಿನ ದೋಣಿಯಲ್ಲಿ ಒಂದು ಸುತ್ತು ಹೋಗಿ ಬಂದಿದ್ದನಂತೆ.

“ನಾನೊಂದು ಹೊಲ ಕಂಡೆ ಕಣಯ್ಯ” ಎಂದರು ಸಾಹೇಬರು. “ಎದೆಮಟ್ಟ ಪೈರು. ಆ ಕಡೆಯಿಂದ ಯಾರೋ ಕರೀತಿದ್ರು. ಹೋಗಿ ನೋಡ್ದೆ.”

ಪಂಪಿನಣ್ಣ ಅವರ ಹತ್ತಿರ ಸರಿದ. “ಯಾರಿದ್ರು ಸಾರ್?”

ಸಾಹೇಬರು ಸೂರು ನೋಡಿದರು. “ನೋಡಿದ್ದು ನಿಜ. ಎಷ್ಟು ಸಂತೋಷ ಆಯ್ತು ಅಂದ್ರೆ, ಯಾರು ಅನ್ನೋದೇ ಮರ್ತುಹೋಯ್ತು.”

ಆಮೇಲೆ ಅವರು ಎಲ್ಲರ ಪರವಾಗಿ ಮಾತಾಡಿದರು. ಹದಿನಾಲ್ಕು ವರ್ಷದಲ್ಲಿ ಹೀಗೆ ಮಲಗಿದ್ದಿಲ್ಲ, ಇಂಥ ಹಬ್ಬ ಒಬ್ಬನದಾಗಿ ಉಳಿಯಬಾರದು, ಮುಂದಿನ ವರ್ಷದಿಂದ ಇದು ಎಲ್ಲರ ಹಬ್ಬ, ಎಲ್ಲರಿಗೂ ರಜೆ. ಎಲೆಕ್ಟ್ರಿಷಿಯನ್ ಎದೆ ಮುಟ್ಟಿಕೊಂಡು, “ನಮ್ಮ ಹಬ್ಬದಷ್ಟೇ ಶ್ರದ್ಧೆಯಿಂದ ಮಾಡ್ತೀನಿ ಸಾರ್” ಎಂದ. ಅಕ್ಕ ಕಣ್ಣೊರೆಸಿಕೊಂಡರು.

ಅಕ್ಕ ಕಣ್ಣೊರೆಸಿಕೊಂಡದ್ದನ್ನು ನೋಡಿ ಪಂಪಿನಣ್ಣನಿಗೆ ತಡೆಯಲಾಗಲಿಲ್ಲ. ಇವರೆಲ್ಲ ಎಷ್ಟು ಒಳ್ಳೆಯವರು, ತಾನೆಂಥ ಸುಳ್ಳುಗಾರ.

“ಸಾರ್, ಒಂದು ಮಾತು. ಒರಗು ಹಬ್ಬ ಅಂತ ಯಾವುದೂ ಇಲ್ಲ. ಒಂದಿನ ನಿದ್ದೆ ಮಾಡ್ಬೇಕು ಅಂತ ನಾನೇ ಹುಟ್ಟಿಸಿದ್ದು. ತಪ್ಪಾಯ್ತು, ಏನ್ ಶಿಕ್ಷೆ ಕೊಟ್ರೂ ಸರಿ.”

“ಛೆ, ಪುಸ್ತಕದಲ್ಲೇ ಇದೆ” ಎಂದು ಮೇಷ್ಟರು ಗೊಣಗಿದರು. ಸಾಹೇಬರು ಕೋಪ ಮಾಡಿಕೊಳ್ಳಲಿಲ್ಲ. ಹತ್ತಿರ ಬಂದು ಪಂಪಿನಣ್ಣನ ಹೆಗಲ ಮೇಲೆ ಕೈಯಿಟ್ಟರು.

“ಹಬ್ಬ ಅಂದ್ರೆ ಮಾಡೋರಿಗೆ ಇರೋದಪ್ಪ. ನಮಗೆಲ್ಲ ಇವತ್ತು ಇತ್ತು. ನಿಂಗೆ ಮಾತ್ರ ಇಲ್ಲ ಅಂತೀಯ?”

“ಇಲ್ಲ ಸಾರ್.”

“ಖಂಡಿತವಾಗಿ ಇಲ್ಲ?”

“ನನ್ನಾಣೆ ಇಲ್ಲ ಸಾರ್.”

ಸಾಹೇಬರ ಮುಖದಲ್ಲಿದ್ದ ಕೊನೆಯ ಚಿಂತೆಯೂ ಕರಗಿತು. “ಒಳ್ಳೇದಾಯ್ತು. ಅವತ್ತು ಪಂಪ್ ನೋಡ್ಕೊಳ್ಳೋರು ಯಾರು ಅಂತ ಎದ್ದಾಗಿಂದ ಅದೇ ಯೋಚನೆ ಆಗಿತ್ತು ನಂಗೆ.”

ಎಲ್ಲರೂ ಸಮಾಧಾನದಿಂದ ತಲೆಯಾಡಿಸಿದರು. ಒಳಗಿನಿಂದ ಹೆಂಡತಿ ಆಕಳಿಸುತ್ತ ಬಂದು ಬಾಗಿಲಿಗೆ ಒರಗಿ ನಿಂತಳು.

“ರೀ, ನಿಮಗೆ ಹಬ್ಬ ಇಲ್ದಿದ್ರೆ ಬೇಡ, ನನಗಿದೆ” ಎಂದಳು. “ಮುಂದಿನ ವರ್ಷ ಡ್ಯೂಟಿಗೆ ಹೋಗೋಕೆ ಮುಂಚೆ ಎಲ್ಲರಿಗೂ ಹಾಸಿ ಹೊದಿಸಿ ಹೋಗಿ.”