ಹುಳುಮನೆಯ ಬ್ರಾಡ್‌ಬ್ಯಾಂಡ್

ಕಾಲು ತೊಳೆದುಕೊಂಡು ಇಂಟರ್ನೆಟ್ ನೋಡಬೇಕಾದ ಊರು ಭೂಮಿ ಮೇಲೆ ಒಂದೇ ಒಂದಿತ್ತು. ವಕ್ಕಲೇರಿ ಹತ್ತಿರದ ನನ್ನ ಸೋದರಮಾವನ ಊರು!

ಹಳ್ಳಿಗಳಿಗೂ ಬ್ರಾಡ್‌ಬ್ಯಾಂಡ್ ಕೊಡಬೇಕೆಂದು ಸರ್ಕಾರ ದುಡ್ಡು ಬಿಡುಗಡೆ ಮಾಡಿದ ಕಾಲ. ಈ ಊರಿಗೂ ಒಂದು ಕಂಪ್ಯೂಟರ್, ಒಂದು ಮೋಡೆಮ್ ಬಂದವು. ಇಡುವುದೆಲ್ಲಿ? ಪಂಚಾಯ್ತಿ ಕಟ್ಟಡ ಸೋರುತ್ತಿತ್ತು. ಅಧಿಕಾರಿಗಳು ಕರೆದ ಸಭೆಯಲ್ಲಿ ಮಾವ ಎದ್ದು ನಿಂತ.

"ನಮ್ಮ ಹುಳುಮನೇಲಿ ಇಡಿ ಸಾರ್. ಧೂಳಿಲ್ಲ, ಇಲಿ ಇಲ್ಲ, ಇರುವೇನೂ ಇಲ್ಲ. ಗೌರ್ಮೆಂಟ್ ಆಫೀಸಲ್ಲಿ ಇಷ್ಟು ಕ್ಲೀನ್ ಎಲ್ಲೈತೆ, ತೋರಿಸಿ!"

ಹುಳುಮನೆ ಎಂದರೆ ರೇಷ್ಮೆ ಹುಳು ಸಾಕುವ ಮನೆ. ಅದರ ಕಾನೂನಿನ ಮುಂದೆ ಸರ್ಕಾರದ ಕಾನೂನು ಯಾವ ಲೆಕ್ಕ? ಕಾಲು ತೊಳೆಯದವರು, ಬೀಡಿ ಸೇದಿದವರು, ಸೆಂಟು ಹಾಕಿಕೊಂಡವರು ಒಳಗೆ ಬರುವಂತಿಲ್ಲ. ಮುಟ್ಟಾದ ಹೆಣ್ಣುಮಕ್ಕಳಂತೂ ಹೊಸಿಲು ದಾಟುವ ಮಾತೇ ಇಲ್ಲ. ಒಮ್ಮೆ ರಿಪೇರಿಗೆ ಬಂದ ಲೈನ್‌ಮನ್‌ನನ್ನು ಮಾವ ಮೂಸಿ ನೋಡಿ, "ಘಮಘಮ ಅಂತೀಯಲ್ಲಪ್ಪ, ಸ್ನಾನ ಮಾಡ್ಕೊಂಡು ಬಾ" ಎಂದು ಬಾವಿ ತೋರಿಸಿದ್ದ. ಪಾಪ, ಆತ ಮಾವನ ಪಂಚೆ ಉಟ್ಟುಕೊಂಡೇ ರಿಪೇರಿ ಮಾಡಿದ!

ಕಂಪ್ಯೂಟರ್ ನಡೆಸುತ್ತಿದ್ದವಳು ಮಾವನ ಮಗಳು ಪದ್ಮ. ನರ್ಸಿಂಗ್ ಓದಲೇಬೇಕೆಂಬ ಹಟದವಳು. ಯಾವ ಕಾಲೇಜು ಬೇಕೆಂದು ಇಂಟರ್ನೆಟ್‌ನಲ್ಲೇ ಆರಿಸಬೇಕು, ಇಲ್ಲದಿದ್ದರೆ ಸೀಟು ಹೋಯಿತು. ಅಷ್ಟು ದಿನ ಸತ್ತಿದ್ದ ಲೈನಿಗೆ ಕೊನೆಯ ದಿನ ಮಧ್ಯಾಹ್ನ ಜೀವ ಬಂತು. ಪದ್ಮ ಮುಟ್ಟಾದದ್ದೂ ಅವತ್ತೇ! ಒಳಗೆ ಇನ್ನೆರಡು ದಿನದಲ್ಲಿ ಗೂಡು ಕಟ್ಟಬೇಕಾದ ಹುಳುಗಳು. ಕೋಲಾರಕ್ಕೆ ಹೋಗೋಣವೆಂದರೆ ಬಸ್ ಮುಷ್ಕರ. ಸಂಜೆ ಐದಕ್ಕೆ ಕಾಲೇಜು ಆರಿಸುವುದೂ ಬಂದ್. ರಜೆಗೆಂದು ಬಂದು ಕೂತಿದ್ದ ನನಗೋ ಟಿವಿ ರಿಮೋಟೇ ದೊಡ್ಡ ವಿದ್ಯೆ!

ಕೊನೆಗೆ ಮಾವನೇ ಮೌಸ್ ಹಿಡಿದ. ಪದ್ಮ ಕಿಟಕಿಯಾಚೆಯಿಂದ ಕೂಗತೊಡಗಿದಳು.

"ಅಪ್ಪಾ, ಎಡಗಡೆ ಒತ್ತು."

"ಒತ್ತಿದೆ."

"ಬಿಡು ಅಪ್ಪಾ!"

"ಬಿಟ್ರೆ ಓಡೋಗಲ್ವೇನೇ?"

ನಗು ಬರಬೇಕಿತ್ತು. ಯಾರೂ ನಗಲಿಲ್ಲ. ಆಗಲೇ ನಾಲ್ಕೂವರೆ. ಪರದೆಯ ಮೇಲೆ ಬರೀ ಇಂಗ್ಲಿಷು. ಮಾವನಿಗೆ ಅದರ ಗಂಧವಿಲ್ಲ. ಎಲ್ಲೋ ಒತ್ತಿದ, ಪುಟವೇ ಮಾಯ! ಪದ್ಮ ಕಿಟಕಿಯ ಸರಳಿಗೆ ಹಣೆ ಆನಿಸಿ ನಿಂತುಬಿಟ್ಟಳು. ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು. ಒಳಗೆ ಹುಳುಗಳು ಚರಚರ ಸೊಪ್ಪು ತಿನ್ನುವ ಸದ್ದೊಂದೇ.

ಮಾವ ಎದ್ದು ಬಾಗಿಲಿಗೆ ಬಂದ. "ಒಳಗೆ ಬಾಮ್ಮ."

ಜಗುಲಿಯಿಂದ ನಮ್ಮಜ್ಜಿ ಚೀರಿದಳು. "ಓರಿ ನಾಯನಾ! ಹುಳ ಎಲ್ಲಾ ಸಾಯ್ತವೆ ಕಣೋ!"

"ಹುಳ ಹೋದ್ರೆ ಇನ್ನೊಂದು ಬೆಳೆ ಎತ್ತಬೋದು ಕಣಮ್ಮ. ಈ ಸಾಯಂಕಾಲ ಹೋದ್ರೆ?"

ಪದ್ಮ ಓಡಿ ಬಂದು ಹೊಸಿಲ ಮೇಲೆ ಕಾಲಿಡಬೇಕು, ಅಷ್ಟರಲ್ಲಿ ಮಾವ ಕೈ ಅಡ್ಡ ಹಿಡಿದ! ಮನಸ್ಸು ಬದಲಾಯಿತಾ ಈ ಮನುಷ್ಯನಿಗೆ?

"ಕಾಲು!" ಎಂದ.

ಅಂಥ ಹೊತ್ತಿನಲ್ಲೂ! ಪದ್ಮ ಹೊಸಿಲ ಬಳಿಯ ನೀರಿನ ಚೊಂಬಿಗೆ ಕೈಚಾಚಿದಳು. ಮಾವ ಕೊಡಲಿಲ್ಲ. ತಾನೇ ಕುಕ್ಕರಗಾಲಲ್ಲಿ ಕೂತು ಮಗಳ ಪಾದಗಳಿಗೆ ನೀರು ಹುಯ್ದ. ಹೆಗಲ ಮೇಲಿನ ಟವೆಲಿನಿಂದ ಒರೆಸಿದ. "ಹೋಗು ತಾಯಿ, ಬೇಗ."

ಐದಾಗಲು ಇನ್ನೂ ಸ್ವಲ್ಪ ಇರುವಾಗ ಒಳಗಿನಿಂದ ಕೂಗು ಬಂತು. "ಆಯ್ತು ಅಪ್ಪಾ!"

ಮಾವ ಹೊಸಿಲ ಪಕ್ಕದಲ್ಲೇ ಕೂತಿದ್ದ, ಆ ಒದ್ದೆ ಟವೆಲನ್ನು ಮುಖಕ್ಕೆ ಒತ್ತಿಕೊಂಡು.