ಅತ್ತರೂ ಕೊಡದ ಮುಂಗಡ

ಒರೆಸ್ಟನ ಕಾರು ಟಕ್ ಟಕ್ ಎನ್ನತೊಡಗಿದ್ದು ಬುಧವಾರ. ಊರೊಳಗೆ ನಿಧಾನವಾಗಿ ಹೋದರೆ ಸದ್ದಿಲ್ಲ. ಹೆದ್ದಾರಿ ಹತ್ತಿ ವೇಗ ಹೆಚ್ಚಿಸಿದೊಡನೆ ಯಾರೋ ಮುಂದಿನಿಂದ ಬಾಗಿಲು ಬಡಿದಂತೆ ಶುರು. ಒರೆಸ್ಟ್ ರೇಡಿಯೊದ ದನಿ ಏರಿಸಿ ಕಾರಿಗೆ ಚಿಕಿತ್ಸೆ ಮಾಡಿ ನೋಡಿದ. ಗುಣ ಕಾಣಲಿಲ್ಲ.

ಬೇರೆ ವಾರವಾಗಿದ್ದರೆ ಅವನು ಆ ಸದ್ದನ್ನು ಬೇಸಿಗೆಯವರೆಗೂ ಸಾಕಿಕೊಂಡಿರುತ್ತಿದ್ದ. ಆದರೆ ಈ ಶನಿವಾರ ರಾತ್ರಿ ಪಕ್ಕದೂರಿನ ಸಭಾಂಗಣದಲ್ಲಿ ಮಗಳು ಲಾರಿಸಾಳ ಸೋಷಿಯಲ್. ಮದುವೆಗೆ ಮುಂಚೆ ಊರಿಗೆಲ್ಲ ಟಿಕೆಟ್ ಮಾರಿ, ಕುಡಿಸಿ, ಕುಣಿಸಿ, ಮದುವೆಯ ಖರ್ಚನ್ನು ಊರಿನ ಜೇಬಿನಿಂದಲೇ ಎತ್ತುವ ಈ ಜಾಣ ಏರ್ಪಾಡು ಮ್ಯಾನಿಟೋಬಾ ಪ್ರಾಂತ್ಯದವರಿಗೆ ದೇವರು ಕೊಟ್ಟ ಬುದ್ಧಿ. ಸಂಗೀತ ಕೆಟ್ಟದಾಗಿದ್ದರೆ ಜನ ಕ್ಷಮಿಸುತ್ತಾರೆ. ಕೊನೆಗೆ ಬಡಿಸುವ ಬ್ರೆಡ್ಡು, ಚೀಸು, ಕುಬಾಸಾ ಸಾಸೇಜು ಬರದಿದ್ದರೆ ಮಾತ್ರ ಹುಟ್ಟುವ ಮೊಮ್ಮಕ್ಕಳ ಮುಂದೆಯೂ ಆಡಿಕೊಳ್ಳುತ್ತಾರೆ. ಆ ಕುಬಾಸಾವನ್ನೆಲ್ಲ ಸಾಗಿಸುವ ಹೊಣೆ ಒರೆಸ್ಟನದು, ಒರೆಸ್ಟನ ಹೊಣೆ ಕಾರಿನದು. "ಅಪ್ಪಾ, ಇದೊಂದು ಕೆಲಸ ಸರಿಯಾಗಿ ಮಾಡು," ಎಂದು ಮಗಳು ಫೋನಿನಲ್ಲಿ ಹೇಳಿದ ರೀತಿಯಲ್ಲೇ ಹಿಂದಿನ ಕೆಲಸಗಳ ಬಗ್ಗೆ ಅವಳ ಅಭಿಪ್ರಾಯ ತಿಳಿಯುತ್ತಿತ್ತು.

ಹಾಗಾಗಿ ಅವನು ರೊವೀನಾಳ ಗ್ಯಾರೇಜಿನಲ್ಲಿ ಶನಿವಾರ ಮಧ್ಯಾಹ್ನಕ್ಕೆ ಬುಕ್ ಮಾಡಿದ. ಎಪ್ಪತ್ತೈದು ಡಾಲರ್ ಮುಂಗಡ. ರಿಪೇರಿಯಾದರೆ ಬಿಲ್ಲಿನಲ್ಲಿ ವಜಾ, ಬಾರದಿದ್ದರೆ ಗುಳುಂ.

ಈ ನಿಯಮದ ತಂದೆ ಯಾರು? ಸಾಕ್ಷಾತ್ ಒರೆಸ್ಟನೇ. ಅವನು ಊರಿನ ಕ್ಷೌರಿಕ. ಬರುತ್ತೇನೆಂದು ಹೇಳಿ ಬಾರದ ಗಿರಾಕಿಗಳಿಗಾಗಿ ಕತ್ತರಿ ಹಿಡಿದು ಕಾದು ಕಾದು ಅವನ ತಲೆಯೇ ಬೋಳಾಗಿತ್ತು. ರೊವೀನಾಳದೂ ಅದೇ ಗೋಳು. ಕಾಫಿ ಅಂಗಡಿಯಲ್ಲಿ ಅವಳನ್ನು ಕೂರಿಸಿಕೊಂಡು ಉಪದೇಶ ಮಾಡಿದ್ದ: "ಮುಂಗಡ ಇಸ್ಕೊಳ್ಳಮ್ಮ. ಬರ್ಲಿಲ್ವಾ, ನುಂಗ್ಬಿಡು. ಅತ್ರೂ ಕೊಡ್ಬೇಡ, ಸತ್ರೂ ಕೊಡ್ಬೇಡ. ಇಲ್ದಿದ್ರೆ ಈ ಊರು ಉದ್ಧಾರ ಆಗಲ್ಲ." ರೊವೀನಾ ಅದನ್ನು ಹಾಗೇ ಬರೆಸಿ ಗೋಡೆಗೆ ಹಾಕಿದ್ದಳು. ತನ್ನ ಮಾತು ಅಚ್ಚಾದ ಹೆಮ್ಮೆಯಲ್ಲಿ ಒರೆಸ್ಟ್ ಮುಂಗಡ ಕೊಡುವಾಗ ಮುಗುಳ್ನಕ್ಕಿದ್ದ.

ಶನಿವಾರ ಬೆಳಿಗ್ಗೆ ಒರೆಸ್ಟ್ ತನ್ನ ಕ್ಷೌರದಂಗಡಿಗೆ ಹೊರಡುವ ಹೊತ್ತಿಗೆ ಪಕ್ಕದ ಮನೆಯ ಸಿಗ್ಗಿ ಹಿಮ ಎತ್ತುವ ಸಲಿಕೆ ಹಿಡಿದು ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಕೆಲಸದಿಂದ ನಿವೃತ್ತನಾದ ಮೇಲೆ ಬೇರೆಯವರ ಕೆಲಸವನ್ನೇ ಹಚ್ಚಿಕೊಂಡ ಮಹಾನುಭಾವ ಅವನು.

"ಸಿಕ್ತು ಕಣಯ್ಯಾ ನಿನ್ನ ಟಕ್ ಟಕ್!" ಎಂದ ಸಿಗ್ಗಿ.

"ಏನ್ ಸಿಕ್ತು?"

"ಎಂಜಿನ್ ಬೆಚ್ಚಗಿಡೋ ಹೀಟರಿನ ವೈರು. ರಾತ್ರಿ ಕರೆಂಟಿಗೆ ಸಿಕ್ಕಿಸ್ತೀಯ, ಬೆಳಿಗ್ಗೆ ಕಿತ್ತು ಹಾಗೇ ಜೋತು ಬಿಡ್ತೀಯ. ಗಾಳಿಗೆ ಅದರ ಪ್ಲಗ್ಗು ಬಂಪರಿಗೆ ಬಡೀತಿತ್ತು. ಬಟ್ಟೆ ಕ್ಲಿಪ್ಪು ಹಾಕಿ ಒಳಗೆ ಸಿಕ್ಕಿಸಿದೀನಿ. ಬೇಕಾದ್ರೆ ಒಂದು ಸುತ್ತು ಓಡಿಸಿ ನೋಡು."

ಒರೆಸ್ಟ್ ಓಡಿಸಿ ನೋಡಿದ. ಹೆದ್ದಾರಿಯಲ್ಲಿ ಕಾರು ಮಠದ ಸ್ವಾಮಿಗಳ ಹಾಗೆ ಮೌನವಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಸಿಗ್ಗಿಗೆ ಒಂದು ಬಾಟಲಿ ಕೊಡಿಸುತ್ತಿದ್ದರು. ಒರೆಸ್ಟನಿಗೆ ಕಣ್ಣೆದುರು ಬಂದದ್ದು ಮುಂಗಡ.

"ಯಾರು ನಿಂಗೆ ಮುಟ್ಟು ಅಂದಿದ್ದು?" ಎಂದು ವಾಪಸ್ಸು ಬಂದು ಕೂಗಾಡಿದ. "ರಿಪೇರಿನೇ ಇಲ್ಲ ಅಂದ್ರೆ ದುಡ್ಡು ಯಾವುದರಲ್ಲಿ ವಜಾ ಮಾಡಿಸ್ಲಿ?"

"ಆಯಿಲ್ ಬದಲಾಯಿಸ್ಕೋ."

"ಹೋದ ವಾರ ಬದಲಾಯಿಸ್ದೆ."

"ಬ್ರೇಕು?"

"ಹೊಸದು."

"ಟೈರು?"

"ಅದೂ ಹೊಸದು! ಎಲ್ಲಾ ಹೊಸದೇ!" ಒರೆಸ್ಟನಿಗೆ ಅಳುವೇ ಬಂತು. ಕಾರನ್ನು ಇಷ್ಟು ಚೆನ್ನಾಗಿ ನೋಡಿಕೊಂಡದ್ದಕ್ಕೆ ಜೀವನದಲ್ಲಿ ಮೊದಲ ಬಾರಿ ಪಶ್ಚಾತ್ತಾಪಪಟ್ಟ.

"ಹೋಗ್ಲಿ, ಕ್ಯಾನ್ಸಲ್ ಮಾಡು. ರೊವೀನಾ ಒಳ್ಳೆಯವಳು, ವಾಪಸ್ ಕೊಡ್ತಾಳೆ."

"ಯಾವ ಮುಖ ಇಟ್ಕೊಂಡು ಕೇಳ್ಲಿ? ಗೋಡೆ ಮೇಲಿರೋದು ನನ್ನದೇ ಮಾತು ಕಣೋ!"

ಸಿಗ್ಗಿ ಈ ದುಃಖದಲ್ಲಿ ಪಾಲ್ಗೊಳ್ಳದೆ ಒರೆಸ್ಟನ ಹೆಂಡತಿ ನಾಡಿಯಾಳ ಹತ್ತಿರ ಕಾಫಿ ಕೇಳಲು ಒಳಗೆ ಹೋದ. ಒರೆಸ್ಟ್ ಅಂಗಡಿಗೆ ಹೋಗಿ ಒಂದು ತಲೆಯನ್ನು ಅರ್ಧ ಮನಸ್ಸಿನಿಂದ ಕತ್ತರಿಸಿ, ಬಾಗಿಲೆಳೆದುಕೊಂಡು ಹೊರಟ. ಫೋನು ಕನ್ನಡಿಯ ಮುಂದೆಯೇ ಉಳಿಯಿತು. ಅವನ ತಲೆಯಲ್ಲಿ ಇದ್ದದ್ದು ಒಂದೇ ಯೋಚನೆ: ಮಧ್ಯಾಹ್ನದೊಳಗೆ ಕಾರಿಗೆ ಒಂದು ಗೌರವಯುತವಾದ ರೋಗ ಬರಬೇಕು. ದೊಡ್ಡದು ಬೇಡ, ರೊವೀನಾ ಒಂದು ಗಂಟೆಯಲ್ಲಿ ಸರಿಮಾಡುವಂಥದ್ದು, ಎಪ್ಪತ್ತೈದು ಡಾಲರಿಗೆ ಹೊಂದುವಂಥದ್ದು.

ರೈಲು ಹಳಿಯ ಮೇಲೆ ಹಿಂದೆ ಮುಂದೆ ದಡಬಡ ಓಡಿಸಿದ. ಕಾರು ತೊಟ್ಟಿಲಿನಲ್ಲಿ ಮಲಗಿದ ಮಗುವಿನಂತೆ ಖುಷಿಯಾಗಿತ್ತು. ಗೋಧಿ ಹೊಲದ ಪಕ್ಕದ ಹಾದಿಯಲ್ಲಿ, ಹೆಪ್ಪುಗಟ್ಟಿದ ಗಾಲಿ ಗುರುತುಗಳ ಮೇಲೆ ಕುಣಿಸಿದ. ಒರೆಸ್ಟನ ಸೊಂಟದಲ್ಲಿ ಏನೋ ಲಟಕ್ ಎಂದಿತು, ಕಾರಿನಲ್ಲಿ ಏನೂ ಅನ್ನಲಿಲ್ಲ. ಸೊಂಟಕ್ಕೆ ಮುಂಗಡ ಕೊಟ್ಟಿರಲಿಲ್ಲವಲ್ಲ ಎಂದು ಮರುಗುತ್ತ ಕಾಫಿ ಅಂಗಡಿಗೆ ಬಂದ.

ಅಂಗಡಿಯ ಮುಂದೆ, ಕ್ರಿಸ್ಮಸ್ ಮುಗಿದು ತಿಂಗಳಾದರೂ ಮೈತುಂಬ ದೀಪದ ಸರ ಹೊದ್ದು, ಪ್ಲೈವುಡ್ಡಿನಲ್ಲಿ ಮಾಡಿದ ಒಂದು ಮೂಸ್, ಅಂದರೆ ಕಡವೆ ಜಾತಿಯ ದೈತ್ಯ, ನಿಂತಿತ್ತು. ಅಗಲವಾದ ಕೊಂಬು, ಪೆದ್ದು ಮುಖ. ಅದರ ದೀಪಕ್ಕೂ ಗಿರಾಕಿಗಳ ಕಾರಿಗೂ ಒಂದೇ ಉದ್ದನೆಯ ವೈರು. ಹಿಮದಲ್ಲಿ ಕಳೆಯದಿರಲಿ ಎಂದು ಅದನ್ನು ಮೂಸಿನ ಕಾಲಿಗೆ ಬಿಗಿದಿದ್ದರು. ಒರೆಸ್ಟ್ ಮೂಸಿಗೆ ಮುಖಕೊಟ್ಟು ಕಾರು ನಿಲ್ಲಿಸಿದ. ಕೊರೆಯುವ ಚಳಿ. ಈ ಊರಿನಲ್ಲಿ ಬೆಳೆದ ಕೈ ಯಜಮಾನನನ್ನು ಕೇಳುವುದಿಲ್ಲ. ಕ್ಲಿಪ್ಪು ಬಿಚ್ಚಿ, ಕಾರಿನ ಪ್ಲಗ್ಗನ್ನು ಆ ವೈರಿಗೆ ಸಿಕ್ಕಿಸಿ ಒಳಗೆ ಹೋಯಿತು, ಒರೆಸ್ಟನನ್ನೂ ಕರೆದುಕೊಂಡು.

ಒಳಗೆ ಸುದ್ದಿ ಅವನಿಗಿಂತ ಮೊದಲೇ ಬಂದು ಕಾಫಿ ಕುಡಿಯುತ್ತಿತ್ತು.

"ಏನೋ, ಕಾರು ವಾಸಿಯಾಯ್ತಂತೆ? ತುಂಬಾ ದುಃಖದ ವಿಷಯ," ಎಂದ ಅಂಚೆ ಕಚೇರಿಯ ಮಿಲ್ಟನ್.

"ಈ ಮುಂಗಡ ಅನ್ನೋದೇ ಹಗಲು ದರೋಡೆ," ಎಂದಳು ಕೌಂಟರಿನ ಹಿಂದಿದ್ದ ಅಂಗಡಿಯ ಒಡತಿ ಗ್ಲೆಂಡಾ. "ಯಾವ ತಲೆಕೆಟ್ಟವನು ಅವಳಿಗೆ ಹೇಳಿಕೊಟ್ನೋ!"

ಹೇಳಿಕೊಟ್ಟವನು ಯಾರೆಂದು ಇಡೀ ಅಂಗಡಿಗೆ ಗೊತ್ತಿತ್ತು. ಒರೆಸ್ಟ್ ತಿನ್ನುತ್ತಿದ್ದ ಬನ್ನನ್ನು ಕೆಳಗಿಟ್ಟ.

"ದರೋಡೆ ಅಲ್ಲ, ಶಿಸ್ತು! ಅವಳು ಕೆಲಸ ಬಿಟ್ಟು ಕಾಯ್ತಾಳೆ, ನೀವು ಬರಲ್ಲ. ಅವಳ ಹೊಟ್ಟೆ ತುಂಬೋದು ಹೇಗೆ?"

"ಹಾಗಾದ್ರೆ ಹೊಟ್ಟೆ ತುಂಬಿಸಿದ ಪುಣ್ಯ ಬಂತು ಅಂದ್ಕೊಂಡು ಸುಮ್ನಿರು," ಎಂದ ಮಿಲ್ಟನ್. "ಅದ್ಯಾಕೆ ಬೆಳಿಗ್ಗೆಯಿಂದ ರೈಲು ಹಳಿ ಮೇಲೆ ಕುಣೀತಿದ್ದೆ?"

ಎಲ್ಲರೂ ನಕ್ಕರು. ನಿಯಮ ನ್ಯಾಯವೆಂದು ಬಾಯಲ್ಲಿ ಹೇಳುತ್ತ, ಅದು ತನಗೆ ಮಾತ್ರ ಅನ್ಯಾಯವೆಂದು ಹೊಟ್ಟೆಯಲ್ಲಿ ಕುದಿಯುತ್ತ ಒರೆಸ್ಟ್ ಎದ್ದ. ಮಫ್ಲರನ್ನು ಅವಮಾನಿತ ರಾಜನ ಹಾಗೆ ಕೊರಳಿಗೆ ಸುತ್ತಿಕೊಂಡು ಹೊರಬಂದು, ಕಾರು ಹತ್ತಿ, ರಿವರ್ಸಿಗೆ ಹಾಕಿ ಜೋರಾಗಿ ಒತ್ತಿದ.

ಕಾರು ಹಿಂದೆ ಹೋಯಿತು. ಮೂಸ್ ಮುಂದೆ ಬಂತು.

ಸಿಕ್ಕಿಸಿದ ವೈರು ಕೀಳಲು ಮರೆತಿದ್ದ ಒರೆಸ್ಟನಿಗೆ ಮೊದಲು ಅರ್ಥವಾಗಲಿಲ್ಲ. ತಾನು ಹಿಂದೆ ಸರಿದಷ್ಟೂ ಆ ಪೆದ್ದು ಮುಖ ಕಣ್ಣಲ್ಲಿ ಕಣ್ಣಿಟ್ಟು ಬೆನ್ನಟ್ಟಿ ಬರುತ್ತಿದೆ! ಗಾಬರಿಯಲ್ಲಿ ಇನ್ನಷ್ಟು ಒತ್ತಿದ. ಮೂಸೂ ಇನ್ನಷ್ಟು ಓಡಿ ಬಂತು. ತಡೆಯಲಾರದೆ ಬ್ರೇಕು ತುಳಿದ. ಹೊಸ ಬ್ರೇಕು, ಹೊಸ ಟೈರು, ಕಾರು ಗಕ್ಕನೆ ನಿಂತಿತು. ಮೂಸಿಗೆ ಬ್ರೇಕಿರಲಿಲ್ಲ. ಮಂಜುಗಡ್ಡೆಯ ಮೇಲೆ ಸರ್ರನೆ ಜಾರಿ ಬಂದು ಕೊಂಬನ್ನು ಕಾರಿನ ಮೂತಿಗೆ ತಿವಿಯಿತು. ಬುಸ್ಸೆಂದು ಹಬೆ ಎದ್ದು, ಬಿಳಿ ಹಿಮದ ಮೇಲೆ ಹಸಿರು ನೀರು ಸುರಿಯತೊಡಗಿತು.

ಅಂಗಡಿಯವರೆಲ್ಲ ಅಯ್ಯೋ ಎಂದು ಓಡಿಬಂದರು. ಒರೆಸ್ಟ್ ಕೆಳಗಿಳಿದು, ಬಗ್ಗಿ ನೋಡಿ, ಎರಡೂ ಕೈ ಎತ್ತಿ ಕುಣಿದ.

"ಕೆಡ್ತು! ರೇಡಿಯೇಟರ್ ತೂತು! ದೇವರು ದೊಡ್ಡವನು!"

"ಪಾಪ, ತಲೆಗೆ ಏಟು ಬಿದ್ದಿದೆ," ಎಂದಳು ಗ್ಲೆಂಡಾ.

"ತಲೆ ಸರಿಯಾಗಿದೆ. ನೂಕ್ರೋ! ಟೈಮಾಯ್ತು, ನೂಕ್ರೋ!"

ಗ್ಯಾರೇಜು ರಸ್ತೆಯ ಆ ಕಡೆಗೇ ಇತ್ತು. ಹುಡುಗಿಯನ್ನು ಧಾರೆಗೆ ಕರೆದೊಯ್ಯುವ ಸಂಭ್ರಮದಲ್ಲಿ ನಾಲ್ಕಾರು ಜನ ಕಾರನ್ನು ನೂಕಿದರು. ಒರೆಸ್ಟ್ ಮುಂದೆ ನಡೆದು ಬಾಗಿಲು ತಳ್ಳಿದ.

"ರೊವೀನಾ! ಹೇಳಿದ ಹೊತ್ತಿಗೆ ಸರಿಯಾಗಿ ಬಂದಿದೀನಿ. ರಿಪೇರಿ ಸಮೇತ!"

ರೊವೀನಾ ಸಿಗ್ಗಿಯ ಪಿಕಪ್ ಗಾಡಿಯ ಕೆಳಗಿನಿಂದ ತಲೆ ಹೊರಹಾಕಿದಳು.

"ನೀನ್ಯಾಕೆ ಬಂದೆ? ನಾಡಿಯಾ ಬೆಳಿಗ್ಗೆನೇ ಕ್ಯಾನ್ಸಲ್ ಮಾಡಿದ್ಲಲ್ಲ! ಸಿಗ್ಗಿ ಎಲ್ಲಾ ಹೇಳಿದ್ನಂತೆ. 'ನನ್ ಗಂಡ ನಾಚಿಕೆಗೆ ಸಾಯ್ತಾನೆ ಹೊರತು ಕೇಳಲ್ಲ, ನೀನೇ ಕೊಟ್ಬಿಡಮ್ಮ' ಅಂತ ಫೋನಲ್ಲಿ ಅತ್ತೇಬಿಟ್ಲು. ನಂಗೂ ಕರುಳು ಚುರ್ ಅಂತು. ದುಡ್ಡು ವಾಪಸ್ ಕಳಿಸ್ದೆ, ನಿನ್ನ ಜಾಗ ಸಿಗ್ಗಿಗೆ ಕೊಟ್ಟೆ. ನಿಂಗೆ ಇಬ್ರೂ ಎಷ್ಟು ಸಲ ಫೋನ್ ಮಾಡಿದ್ವಿ, ಎತ್ತಲೇ ಇಲ್ಲ."

ಒರೆಸ್ಟ್ ಗೋಡೆಯ ಮೇಲಿನ ತನ್ನ ಮಾತನ್ನು ನೋಡಿದ. "ಅತ್ರೂ ಕೊಡ್ಬೇಡ ಅಂದಿದ್ನಲ್ಲೇ ಮಾರಾಯ್ತಿ!"

"ತಪ್ಪಾಯ್ತು ಕಣೋ. ನೀನು ಹೇಳಿದ್ದೇ ಸರಿ. ಅವಳಿಗೆ ಕೊಟ್ಟೆ ಅಂತ ಗೊತ್ತಾಗಿ ಇನ್ನೂ ಮೂರು ಜನ ಅತ್ರು. ಇನ್ಮೇಲೆ ದೇವರಾಣೆಗೂ ಯಾರಿಗೂ ವಾಪಸ್ ಇಲ್ಲ." ಅವಳು ಎದ್ದು ಬಂದು, ಕೊಂಬು ನೆಟ್ಟ ಕಾರನ್ನು ನೋಡಿ ತಲೆ ಕೊಡವಿದಳು. "ಇದಕ್ಕೆ ಹೊಸ ರೇಡಿಯೇಟರ್ ತರಿಸ್ಬೇಕು. ಮುಂದಿನ ಗುರುವಾರ ಆದೀತು. ಮುಂಗಡ?"

ಒರೆಸ್ಟ್ ಜೇಬಿನಲ್ಲಿ ಇದ್ದದ್ದನ್ನೆಲ್ಲ ತೆಗೆದು ಕೊಟ್ಟ. ಆಮೇಲೆ ಕುಬಾಸಾ ನೆನಪಾಯಿತು, ಲಾರಿಸಾ ನೆನಪಾದಳು.

"ಕುಬಾಸಾ ಯೋಚನೆ ಬಿಡು," ಎಂದ ಪಕ್ಕದಲ್ಲಿ ನಿಂತಿದ್ದ ಸಿಗ್ಗಿ. "ನನ್ನ ಗಾಡೀಲಿ ತಗೊಂಡು ಹೋಗ್ತೀನಿ. ಹಿಂದೆ ಹಾಕಿದ್ರೆ ಚಳಿಗೆ ಕಲ್ಲಾಗುತ್ತೆ, ಅದಕ್ಕೆ ನನ್ನ ಪಕ್ಕ ಒಳಗೇ ಇಡ್ತೀನಿ. ಆ ಕಡೆ ಕಿಟಕಿ ಹತ್ರ ನಾಡಿಯಾ."

"ನಾನು?"

"ಕುಬಾಸಾನ ತೊಡೆ ಮೇಲೆ ಇಟ್ಕೊಂಡ್ರೆ ನಡುವೆ ಒಂದು ಸೀಟು ಆಗುತ್ತೆ." ಸಿಗ್ಗಿ ಗಲ್ಲ ಕೆರೆದುಕೊಂಡ. "ಆದ್ರೆ ಮಿಲ್ಟನ್ನೂ ಕೇಳಿದಾನೆ. ನಿಂಗೇ ಇಟ್ಟಿರ್ಬೇಕು ಅಂದ್ರೆ ಮುಂಗಡ ಕೊಡು. ಬರ್ಲಿಲ್ಲ ಅಂದ್ರೆ ವಾಪಸ್ ಇಲ್ಲ."

ಖಾಲಿ ಜೇಬಿನ ಒರೆಸ್ಟ್ ಅತ್ತು ನೋಡಿದ. ಪ್ರಯೋಜನವಾಗಲಿಲ್ಲ.